ಪಾನಕಕ್ಕೊಂದು ಪಂಪು, ಡಿಕಾಕ್ಷನ್ನಿಗೆ ಇನ್ನೊಂದು: ಲೋಟ ತುಂಬಿಸುವ ಯಂತ್ರ ಮಾಡುವವರಿಗೆ

"ಆರ್ಡುಯಿನೋ ತಗೊಳ್ಳಲಾ, ಇಎಸ್‌ಪಿ32 ತಗೊಳ್ಳಲಾ?" ಲೋಟ ಇಟ್ಟರೆ ತಾನಾಗೇ ತುಂಬಿಸುವ ಯಂತ್ರ ಮಾಡಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಇದನ್ನೇ. ಎರಡೂ ಕೋಡ್ ಬರೆದು ಮೋಟರು ಓಡಿಸುವ ಪುಟ್ಟ ಬೋರ್ಡುಗಳು. ನಾನು ತಿರುಗಿ ಕೇಳುವುದೂ ಒಂದೇ: ಏನು ಕುಡಿಸುತ್ತೀರಿ? ನೀರಾ, ಪಾನಕಾನಾ, ಮಜ್ಜಿಗೆನಾ, ಬೆಳಗಿನ ಕಾಫಿಗೆ ಡಿಕಾಕ್ಷನ್ನಾ? ಅದು ಗೊತ್ತಾಗದೆ ಬೋರ್ಡಿನ ಮಾತು ಆಡಿ ಪ್ರಯೋಜನ ಇಲ್ಲ. ಬೋರ್ಡು ಮಾಡುವ ಕೆಲಸ ಇಷ್ಟೇ, ಒಂದು ಮೋಟರನ್ನು ಇಷ್ಟು ಸೆಕೆಂಡು ಓಡಿಸಿ ನಿಲ್ಲಿಸುವುದು. ಅದನ್ನು ತೀರಾ ಅಗ್ಗದ ಬೋರ್ಡೂ ಮಾಡುತ್ತದೆ. ಪಂಪು ತಪ್ಪಿದರೆ ಮಾತ್ರ ಒರೆಸುವ ಬಟ್ಟೆ ಹಿಡಿದುಕೊಂಡು ಯಂತ್ರದ ಪಕ್ಕ ನಿಂತಿರಬೇಕಾಗುತ್ತದೆ.

ನಾನು ಇಂಥವು ಮೂರು ಮಾಡಿದ್ದೇನೆ. ಮೊದಲನೆಯದು ರಾಮನವಮಿಗೆ ನಮ್ಮ ಬೀದಿಯ ಪೆಂಡಾಲಿನಲ್ಲಿ ಪಾನಕ ಹಂಚುವುದಕ್ಕೆ. ಎರಡನೆಯದು ಮನೆಗೆ ಬಂದವರಿಗೆ ಶರಬತ್ತು ಬೆರೆಸುವುದಕ್ಕೆ. ಮೂರನೆಯದು ಅಮ್ಮನ ಅಡುಗೆಮನೆಯಲ್ಲಿದೆ, ಡಿಕಾಕ್ಷನ್ ಅಳೆದು ಹಾಕುತ್ತದೆ. ಇವತ್ತಿಗೂ ದಿನಾ ಓಡುತ್ತಿರುವುದು ಅದೊಂದೇ. ಉಳಿದೆರಡು ಯಾಕೆ ಮೂಲೆ ಸೇರಿದವು ಅನ್ನುವುದರಲ್ಲೇ ಈ ಬರಹದ ಅರ್ಧ ಇದೆ.

ಮೊದಲು ಇದನ್ನು ತೀರ್ಮಾನ ಮಾಡಿ

ಕೊಳ್ಳುವುದಕ್ಕೆ ಮುಂಚೆ ಐದು ವಿಷಯ ನೋಡಬೇಕು. ಒಂದು, ದ್ರವದ ಗುಣ. ತೆಳ್ಳಗಿದೆಯಾ, ಅಂಟಾ, ಹುಳಿಯಾ, ಉಪ್ಪಾ, ಬಿಸಿಯಾ, ಅದರಲ್ಲಿ ಚೂರುಪಾರು ಇದೆಯಾ. ಬೆಲ್ಲದ ಪಾನಕದಲ್ಲಿ ಏಲಕ್ಕಿ ಪುಡಿ, ಮೆಣಸಿನ ಪುಡಿ ತಳದಲ್ಲಿ ಕೂರುತ್ತದೆ. ಒಗ್ಗರಣೆ ಹಾಕಿದ ಮಜ್ಜಿಗೆಯಲ್ಲಿ ಸಾಸಿವೆ, ಕರಿಬೇವು. ಪಂಪಿಗೆ ಇವೆಲ್ಲ ಕಲ್ಲಿನ ಸಮ.

ಎರಡನೆಯದು ತೊಳೆಯುವುದು. ಇದನ್ನು ಯಾರೂ ಯೋಚಿಸುವುದಿಲ್ಲ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ಲೋಟ ತೊಳೆಯಬಹುದು, ಪಾತ್ರೆ ತೊಳೆಯಬಹುದು, ಪಂಪಿನ ಹೊಟ್ಟೆಯೊಳಗೆ ಕೈ ಹಾಕುವುದಕ್ಕಾಗುವುದಿಲ್ಲ. ಮಜ್ಜಿಗೆ ಒಂದು ರಾತ್ರಿ ಒಳಗೆ ನಿಂತರೆ ಮರುದಿನ ಆ ಪಂಪಿನ ಹತ್ತಿರ ಹೋಗುವುದೇ ಬೇಡ.

ಮೂರು, ಎಷ್ಟು ಜನ. ನಾಲ್ಕು ಜನರ ಮನೆಗೆ ಒಂದು ಲೋಟಕ್ಕೆ ಒಂದು ನಿಮಿಷ ಹಿಡಿದರೂ ತೊಂದರೆ ಇಲ್ಲ. ಬಿಸಿಲಿನಲ್ಲಿ ನೂರು ಜನ ಸಾಲಾಗಿ ನಿಂತಾಗ ಅದು ನಡೆಯುವುದಿಲ್ಲ. ನಾಲ್ಕು, ಅಳತೆ. ಪಾನಕ 10 ಮಿಲಿ ಹೆಚ್ಚು ಕಮ್ಮಿ ಆದರೆ ಯಾರೂ ಕೇಳುವುದಿಲ್ಲ. ಡಿಕಾಕ್ಷನ್ 10 ಮಿಲಿ ಜಾಸ್ತಿ ಆದರೆ ಅವತ್ತಿನ ಕಾಫಿ ಕಹಿ. ಐದನೆಯದು ದುಡ್ಡು. ಅದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ. ನಾನು ಬರೆದಿರುವುದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್‌ಪಿ ರೋಡಿನಲ್ಲೂ ಆನ್‌ಲೈನಿನಲ್ಲೂ ನಾನು ಕೊಟ್ಟ ರೇಟು, ಅಂಗಡಿಯಿಂದ ಅಂಗಡಿಗೆ ಏರಿಳಿತ ಇದ್ದೇ ಇರುತ್ತದೆ.

ಪಂಪು

ತೀರಾ ಅಗ್ಗದ್ದು ನೀರಿನಲ್ಲಿ ಮುಳುಗಿಸುವ ಪುಟ್ಟ ಪಂಪು. 3ರಿಂದ 6 ವೋಲ್ಟಿನದು, ನೂರು ರೂಪಾಯಿಯೊಳಗೆ ಬರುತ್ತದೆ. ಸ್ಕೂಲ್ ಪ್ರಾಜೆಕ್ಟುಗಳಲ್ಲಿ ಗಿಡಕ್ಕೆ ನೀರು ಹಾಕುವುದಕ್ಕೆ ಎಲ್ಲರೂ ಬಳಸುವುದು ಇದನ್ನೇ. ಬರೀ ನೀರಿಗೆ, ಒಂದು ದಿನದ ಪ್ರದರ್ಶನಕ್ಕೆ ಇದು ಸಾಕು. ಕುಡಿಯುವ ಬೇರೆ ಯಾವುದಕ್ಕೂ ನಾನು ಬೇಡ ಅನ್ನುತ್ತೇನೆ. ಮೋಟರೇ ಪಾನೀಯದಲ್ಲಿ ಮುಳುಗಿರುತ್ತದೆ, ವೈರೂ ಮುಳುಗಿರುತ್ತದೆ, ಉಪ್ಪು ಹುಳಿ ಬಿದ್ದರೆ ಶಾಫ್ಟಿನ ಸಂದಿಯಲ್ಲಿ ಒಳಗೆ ಇಳಿಯುತ್ತದೆ. ಪಾತ್ರೆ ಖಾಲಿಯಾಗಿ ಒಣಗಿ ಓಡಿದರೆ ಸುಟ್ಟೂ ಹೋಗುತ್ತದೆ.

ಅದರ ಮೇಲಿನದು 12 ವೋಲ್ಟಿನ ಡಯಾಫ್ರಾಮ್ ಪಂಪು. ಅಂಗಡಿಯಲ್ಲಿ ಆರ್385 ಅಂದರೆ ಕೊಡುತ್ತಾರೆ, ನನಗೆ ಇನ್ನೂರೈವತ್ತು ರೂಪಾಯಿ ಬಿತ್ತು. ನಿಮಿಷಕ್ಕೆ ಒಂದೂವರೆ ಲೀಟರ್ ಆಸುಪಾಸು ಎಸೆಯುತ್ತದೆ, ಅಂದರೆ 150 ಮಿಲಿಯ ಲೋಟ ಆರೇಳು ಸೆಕೆಂಡಿನಲ್ಲಿ ಭರ್ತಿ. ಮೋಟರು ಹೊರಗಿರುತ್ತದೆ, ದ್ರವ ಅದರ ಮುಂದಿನ ಪ್ಲಾಸ್ಟಿಕ್ ತಲೆಯೊಳಗೆ ಮಾತ್ರ ಓಡಾಡುತ್ತದೆ. ಸಾಲು ನಿಂತ ಜನಕ್ಕೆ ಇದೇ ಸರಿ. ಆದರೆ ಒಳಗೆ ಸಣ್ಣ ರಬ್ಬರ್ ವಾಲ್ವುಗಳಿವೆ, ಒಂದು ಏಲಕ್ಕಿ ಸಿಪ್ಪೆ ಸಿಕ್ಕಿಕೊಂಡರೂ ಪಂಪು ಸುಮ್ನೆ ಗುಂಯ್ ಅನ್ನುತ್ತದೆ, ಏನೂ ಬರುವುದಿಲ್ಲ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಹಾಕಬೇಕು. ಇನ್ನೊಂದು ಮಾತು, ಈ ಪಂಪುಗಳನ್ನು ಆಹಾರಕ್ಕೆ ಅಂತ ಮಾಡಿರುವುದಿಲ್ಲ. ವರ್ಷಕ್ಕೊಂದು ದಿನ ಹೊಸ ಪಂಪಿನಲ್ಲಿ ಪಾನಕ ಹಂಚುವುದು ಬೇರೆ, ಮಕ್ಕಳಿಗೆ ದಿನಾ ಕುಡಿಸುವುದು ಬೇರೆ.

ರಾಮನವಮಿಗೆ ನಾನು ಬಳಸಿದ್ದು ಇದನ್ನೇ. ಹಿಂದಿನ ರಾತ್ರಿ ಮನೆಯಲ್ಲಿ ನೀರು ಹಾಕಿ ನೋಡಿದ್ದೆ, ಚೆನ್ನಾಗಿತ್ತು. ಬೆಳಗ್ಗೆ ಪೆಂಡಾಲಿನಲ್ಲಿ ಹಂಡೆಯನ್ನು ಎತ್ತರದ ಬೆಂಚಿನ ಮೇಲೆ ಇಟ್ಟರು, ನಲ್ಲಿ ಕೆಳಗಿನ ಮೇಜಿಗೆ ಬಂತು. ಮೊದಲ ಹುಡುಗ ಲೋಟ ಇಟ್ಟ. ಆರು ಸೆಕೆಂಡು, ಪಂಪು ನಿಂತಿತು, ಪಾನಕ ನಿಲ್ಲಲಿಲ್ಲ! ಲೋಟ ತುಂಬಿ, ಮೇಜು ತುಂಬಿ, ಕೆಳಗಿದ್ದ ಕೋಸಂಬರಿ ಬುಟ್ಟಿಯ ಕಡೆ ಹೊರಟಿತು. ನಾನು ಕೋಡಿನಲ್ಲಿ ತಪ್ಪು ಹುಡುಕುತ್ತಾ ಲ್ಯಾಪ್‌ಟಾಪ್ ತೆರೆದು ಕೂತಿದ್ದೇನೆ. ಪಕ್ಕದ ಮನೆಯ ಅಜ್ಜ ಬಂದು ಪೈಪಿನ ತುದಿಯನ್ನು ಎತ್ತಿ ಹಂಡೆಗಿಂತ ಮೇಲೆ ಹಿಡಿದರು, ಅಷ್ಟೇ, ನಿಂತಿತು.

ಡ್ರಮ್ಮಿನಿಂದ ಪೈಪು ಹಾಕಿ ಬಾಯಲ್ಲಿ ಎಳೆದು ಸೀಮೆಎಣ್ಣೆ ಇಳಿಸುತ್ತಿದ್ದರಲ್ಲ, ಅದೇ ಆಟ. ಒಮ್ಮೆ ಪೈಪು ತುಂಬಿತೆಂದರೆ ಮೇಲಿನಿಂದ ಕೆಳಕ್ಕೆ ತಾನೇ ಹರಿಯುತ್ತದೆ. ಡಯಾಫ್ರಾಮ್ ಪಂಪಿನ ವಾಲ್ವುಗಳು ಹಿಂದಕ್ಕೆ ಮಾತ್ರ ಬಿಡುವುದಿಲ್ಲ, ಮುಂದಕ್ಕೆ ಹೋಗುವುದನ್ನು ತಡೆಯುವುದಿಲ್ಲ. ಹಾಗಾಗಿ ಈ ಎರಡು ಪಂಪುಗಳಲ್ಲಿ ಯಾವುದನ್ನೇ ಕೊಂಡರೂ ಪಾತ್ರೆ ನೆಲದ ಮೇಲೆ, ನಲ್ಲಿ ಮೇಜಿನ ಮೇಲೆ. ನಲ್ಲಿಯ ಬಾಯಿ ಯಾವತ್ತೂ ದ್ರವದ ಮಟ್ಟಕ್ಕಿಂತ ಮೇಲಿರಲಿ.

ಮೂರನೆಯದು ಪೆರಿಸ್ಟಾಲ್ಟಿಕ್ ಪಂಪು. ಹಸುವಿನ ಕೆಚ್ಚಲನ್ನು ಬೆರಳಿನಲ್ಲಿ ಒತ್ತಿ ಹಾಲು ಇಳಿಸುವುದಿಲ್ವಾ, ಹಾಗೆ ಉರುಳೆಗಳು ಒಂದು ಮೆತ್ತನೆ ಟ್ಯೂಬನ್ನು ಒತ್ತುತ್ತಾ ಹೋಗುತ್ತವೆ. ದ್ರವ ಮುಟ್ಟುವುದು ಟ್ಯೂಬನ್ನು ಮಾತ್ರ. ಮೋಟರಿಗೆ ಸೋಕುವುದಿಲ್ಲ, ವಾಲ್ವು ಇಲ್ಲವೇ ಇಲ್ಲ. ತೊಳೆಯುವುದು ಅಂದರೆ ಟ್ಯೂಬಿನಲ್ಲಿ ಬಿಸಿನೀರು ಓಡಿಸುವುದು. ಹಳೆಯದಾಯಿತು ಅನ್ನಿಸಿದರೆ ಟ್ಯೂಬು ಕಿತ್ತು ಬೇರೆ ಹಾಕುವುದು. ನಿಂತಾಗ ಟ್ಯೂಬನ್ನು ಒತ್ತಿಯೇ ಹಿಡಿದಿರುತ್ತದೆ, ಹಾಗಾಗಿ ನನ್ನ ಪೆಂಡಾಲಿನ ಕಥೆ ಇಲ್ಲಿ ನಡೆಯುವುದಿಲ್ಲ. ಅಳತೆಯೂ ಚೆನ್ನಾಗಿ ನಿಲ್ಲುತ್ತದೆ. ಪಾತ್ರೆ ತುಂಬಿದ್ದಾಗಲೂ ತಳ ಕಾಣುವಾಗಲೂ ಹೆಚ್ಚು ಕಮ್ಮಿ ಅಷ್ಟೇ ಬರುತ್ತದೆ.

ಹಾಗಾದರೆ ಎಲ್ಲರೂ ಇದನ್ನೇ ಕೊಳ್ಳಬಹುದಲ್ವಾ? ನಿಧಾನ. ಸಾಮಾನ್ಯವಾಗಿ ಸಿಗುವ ಸಣ್ಣವು ನಿಮಿಷಕ್ಕೆ 100 ಮಿಲಿ ಹಾಕಿದರೆ ಹೆಚ್ಚು. 150 ಮಿಲಿಯ ಲೋಟಕ್ಕೆ ಒಂದೂವರೆ ನಿಮಿಷ. ನೂರು ಜನಕ್ಕೆ ಎರಡೂವರೆ ಗಂಟೆ ಆಯಿತು, ಪಾನಕ ಸಿಗುವ ಹೊತ್ತಿಗೆ ಊಟವೇ ಮುಗಿದಿರುತ್ತದೆ. ಬೆಲೆಯೂ ಜಾಸ್ತಿ, ನಾನು ಒಂದೊಂದಕ್ಕೆ ಏಳುನೂರು ಕೊಟ್ಟೆ. ಆದರೆ 30 ಮಿಲಿ ಡಿಕಾಕ್ಷನ್ನಿಗೆ, 20 ಮಿಲಿ ನಿಂಬೆರಸಕ್ಕೆ, ಕೋಕಂ ಸಿರಪ್ಪಿಗೆ ಇದಕ್ಕೆ ಸಾಟಿ ಇಲ್ಲ. 30 ಮಿಲಿಗೆ 18 ಸೆಕೆಂಡು, ಅಷ್ಟರಲ್ಲಿ ಹಾಲು ಬಿಸಿಯಾಗುತ್ತದೆ. ಸಿರಪ್ಪು ಗಟ್ಟಿಯಾದಷ್ಟೂ ಕಮ್ಮಿ ಬರುತ್ತದೆ, ಅದಕ್ಕೆ ಪ್ರತಿ ಸಿರಪ್ಪಿಗೂ ಪಂಪನ್ನು 60 ಸೆಕೆಂಡು ಓಡಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ.

ಪಂಪೇ ಬೇಡ, ಮೇಲಿನಿಂದ ಇಳಿಯಲಿ, ನಡುವೆ ಕರೆಂಟು ಕೊಟ್ಟರೆ ತೆರೆಯುವ ಒಂದು ಸೊಲೆನಾಯ್ಡ್ ವಾಲ್ವ್ ಹಾಕಿದರಾಯಿತು ಅನ್ನುವವರು ತುಂಬಾ ಜನ. ಕೇಳುವುದಕ್ಕೆ ಚೆನ್ನಾಗಿದೆ. ವಾಟರ್ ಪ್ಯೂರಿಫೈಯರ್, ವಾಷಿಂಗ್ ಮೆಷಿನ್ನಿನಲ್ಲಿ ಇರುವಂಥ ಅರ್ಧ ಇಂಚಿನ ವಾಲ್ವು ಸಸ್ತಾಕ್ಕೆ ಸಿಗುತ್ತದೆ. ಆದರೆ ಅದರ ಮೈಮೇಲೆ ಬರೆದಿರುವುದನ್ನು ಓದಿ: 0.02ರಿಂದ 0.8 ಎಂಪಿಎ (ಮೆಗಾಪಾಸ್ಕಲ್, ಒತ್ತಡದ ಅಳತೆ). ಒಳಗಿನ ರಬ್ಬರ್ ಪದರ ಸರಿಯಾಗಿ ತೆರೆದುಕೊಳ್ಳುವುದಕ್ಕೇ ಅಷ್ಟು ಒತ್ತಡ ಬೇಕು. 0.02 ಎಂಪಿಎ ಅಂದರೆ ಸುಮಾರು ಎರಡು ಮೀಟರ್ ಎತ್ತರದ ನೀರು. ಹಂಡೆಯನ್ನು ಅಟ್ಟದ ಮೇಲೆ ಇಡುತ್ತೀರಾದರೆ ಸರಿ, ಮೇಜಿನ ಮೇಲಿನ ಡಬ್ಬದಿಂದ ಬರುವುದು ತೊಟ್ಟು ತೊಟ್ಟು. ಒತ್ತಡ ಬೇಡದ ವಾಲ್ವುಗಳೂ ಇವೆ, ದುಡ್ಡು ಜಾಸ್ತಿ. ಅವುಗಳಲ್ಲಿ ಹಿತ್ತಾಳೆಯವೂ ಇರುತ್ತವೆ, ಹುಳಿಗೆ ಹಿತ್ತಾಳೆ ಆಗದು ಅಂತ ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮೇಲಿನಿಂದಲೇ ಇಳಿಸಬೇಕು ಅಂತಿದ್ದರೆ ನನಗೆ ಇಷ್ಟವಾದ ಉಪಾಯ ಬೇರೆ ಇದೆ. ಮೆತ್ತನೆ ಸಿಲಿಕೋನ್ ಟ್ಯೂಬನ್ನು ಒಂದು ಸರ್ವೋ ಮೋಟರಿನ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟರು) ತೋಳಿನಿಂದ ಅದುಮಿ ಹಿಡಿಯುವುದು. ತೋಳು ಎತ್ತಿದರೆ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ಪಿನ ಟ್ಯೂಬನ್ನು ಚಕ್ರ ತಿರುಗಿಸಿ ಬಿಗಿ ಮಾಡುತ್ತಾರಲ್ಲ, ಹಾಗೆ. ಬೇಗ ತುಂಬುತ್ತದೆ, ತೊಳೆಯುವುದು ಸುಲಭ, ಟ್ಯೂಬು ಅಗಲ ಇದ್ದರೆ ಮಜ್ಜಿಗೆಯ ಕರಿಬೇವೂ ದಾಟಿ ಹೋಗುತ್ತದೆ. ಚಿಕ್ಕ ಸರ್ವೋಗೆ ಅಷ್ಟು ಬಲ ಇರುವುದಿಲ್ಲ, ಲೋಹದ ಹಲ್ಲಿನ ಎಂಜಿ995 ಥರದ್ದು ಬೇಕು. ಸದಾ ಅದುಮಿ ಹಿಡಿದರೆ ಅದು ಗುರುಗುಟ್ಟುತ್ತಾ ಬಿಸಿಯಾಗುತ್ತದೆ, ಅದಕ್ಕೆ ಅದುಮುವ ಕೆಲಸ ಸ್ಪ್ರಿಂಗಿಗೆ ಬಿಟ್ಟು, ಬಿಡಿಸುವ ಕೆಲಸ ಮಾತ್ರ ಸರ್ವೋಗೆ ಕೊಡಿ. ಆಗ ಕರೆಂಟು ಹೋದರೂ ಟ್ಯೂಬು ಮುಚ್ಚಿಯೇ ಇರುತ್ತದೆ.

ಗಾಳಿ ಪಂಪಿನದೂ ಒಂದು ದಾರಿ ಇದೆ. ಮುಚ್ಚಿದ ಬಾಟಲಿಗೆ ಗಾಳಿ ತುಂಬಿ ದ್ರವವನ್ನು ಹೊರಗೆ ತಳ್ಳುವುದು, ಪಂಪಿಗೆ ಪಾನೀಯ ಸೋಕುವುದೇ ಇಲ್ಲ. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾತ್ರ ಮಾಡಿ, ಗಾಜಿನದು ಬೇಡ. ಬಾಟಲಿ ಖಾಲಿಯಾದಷ್ಟೂ ಗಾಳಿ ತುಂಬುವುದಕ್ಕೆ ಹೊತ್ತು ಹಿಡಿದು ಅಳತೆ ಜಾರುತ್ತದೆ, ನಿಂತ ಮೇಲೂ ತೊಟ್ಟಿಕ್ಕುತ್ತದೆ. ಕೈ ಪಳಗಿದವರಿಗೆ ಸರಿ, ಮೊದಲ ಸಲದವರಿಗೆ ಬೇಡ.

ಯಾವ ಪಂಪಾದರೂ ಟ್ಯೂಬು ಫುಡ್ ಗ್ರೇಡ್ ಸಿಲಿಕೋನಿನದೇ ಇರಲಿ. ಕೂಲರಿಗೆ ಹಾಕುವ ಪಾರದರ್ಶಕ ಪಿವಿಸಿ ಪೈಪು ಬಿಸಿಗೆ ಮೆತ್ತಗಾಗುತ್ತದೆ, ಪಾನಕಕ್ಕೆ ಪ್ಲಾಸ್ಟಿಕ್ ವಾಸನೆ ಹಿಡಿಸುತ್ತದೆ.

ಎಲ್ಲಿ ನಿಲ್ಲಿಸಬೇಕು ಅಂತ ಯಂತ್ರಕ್ಕೆ ಗೊತ್ತಾಗುವುದು ಹೇಗೆ

ಸುಲಭದ್ದು ಸಮಯ. ಇಷ್ಟು ಸೆಕೆಂಡು ಓಡು, ನಿಲ್ಲು. ಪೆರಿಸ್ಟಾಲ್ಟಿಕ್ ಪಂಪಿಗೆ ಇದಕ್ಕಿಂತ ಹೆಚ್ಚೇನೂ ಬೇಡ. ಮಿಕ್ಕವಕ್ಕೆ ಹಂಡೆ ಇಳಿದಂತೆ ಲೋಟವೂ ಇಳಿಯುತ್ತದೆ, ಕೊನೆಯಲ್ಲಿ ಬಂದವರಿಗೆ ಮುಕ್ಕಾಲು ಲೋಟ.

ನೀರಿನ ಹರಿವು ಅಳೆಯುವ ವೈಎಫ್-ಎಸ್201 ಸೆನ್ಸರನ್ನು ತುಂಬಾ ಜನ ಹಾಕುತ್ತಾರೆ. ಅದು ನಿಮಿಷಕ್ಕೆ 1ರಿಂದ 30 ಲೀಟರಿಗೆ ಅಂತ ಮಾಡಿದ್ದು, ನಮ್ಮ ಪಂಪು ಅದರ ಕೆಳತುದಿಯಲ್ಲೇ ತೆವಳುತ್ತದೆ. ಲೀಟರಿಗೆ ಸುಮಾರು 450 ಪಲ್ಸು, 150 ಮಿಲಿಗೆ ಅರವತ್ತೇಳು. ಲೆಕ್ಕಕ್ಕೆ ಸಾಕು ಅನ್ನಿ, ಆದರೆ ಒಳಗೆ ಒಂದು ಪುಟ್ಟ ಚಕ್ರ ಇದೆ, ಅದರ ಸಂದಿಯಲ್ಲಿ ಬೆಲ್ಲ ಕೂತರೆ ಯಾರು ತೊಳೆಯುತ್ತಾರೆ? ನಾನು ಬಿಟ್ಟೆ.

ನನ್ನ ಮತ ತೂಕಕ್ಕೆ. ತೂಕ ಅಳೆಯುವ ಒಂದು ಕೆಜಿಯ ಲೋಡ್ ಸೆಲ್, ಜೊತೆಗೆ ಅದನ್ನು ಓದಿ ಹೇಳುವ ಎಚ್‌ಎಕ್ಸ್711 ಬೋರ್ಡು, ಎರಡೂ ಸೇರಿ ಮುನ್ನೂರು ರೂಪಾಯಿ ಒಳಗೆ. ಲೋಟ ಇಟ್ಟ ಕೂಡಲೇ ತೂಕ ಏರಿದ್ದರಿಂದ ಲೋಟ ಬಂತು ಅಂತ ಗೊತ್ತಾಗುತ್ತದೆ, ಬೇರೆ ಸೆನ್ಸರ್ ಬೇಡ. ಸ್ಟೀಲ್ ಲೋಟವೋ ಪೇಪರ್ ಕಪ್ಪೋ, ಅದರ ತೂಕ ಕಳೆದು ಉಳಿದದ್ದನ್ನು ಲೆಕ್ಕ ಹಾಕಬಹುದು. ಅರ್ಧಕ್ಕೆ ಯಾರಾದರೂ ಲೋಟ ಎತ್ತಿದರೆ ತಕ್ಷಣ ನಿಲ್ಲುತ್ತದೆ. ಒಂದು ಸೂಕ್ಷ್ಮ ಇದೆ. ಎಚ್‌ಎಕ್ಸ್711 ಮಾಮೂಲಿಯಾಗಿ ಸೆಕೆಂಡಿಗೆ ಹತ್ತು ಸಲ ಓದುತ್ತದೆ. ಸೆಕೆಂಡಿಗೆ 25 ಮಿಲಿ ಬೀಳುತ್ತಿದ್ದರೆ ಎರಡು ಓದಿನ ನಡುವೆ ಎರಡೂವರೆ ಮಿಲಿ ಬಿದ್ದಾಗಿರುತ್ತದೆ, ನಿಲ್ಲಿಸಿದ ಮೇಲೂ ಪೈಪಿನಲ್ಲಿದ್ದದ್ದು ಒಂದಿಷ್ಟು ಬೀಳುತ್ತದೆ. ನನಗೆ ಪ್ರತಿ ಲೋಟಕ್ಕೂ ಏಳೆಂಟು ಗ್ರಾಂ ಜಾಸ್ತಿ ಬರುತ್ತಿತ್ತು. ಕೋಡಿನಲ್ಲಿ 150ರ ಬದಲು 142ಕ್ಕೇ ನಿಲ್ಲು ಅಂದೆ, ಸರಿಹೋಯಿತು.

ಕೈ ಹಿಡಿದರೆ ನೀರು ಬರುವ ಐಆರ್ ಸೆನ್ಸರ್ ಮನೆಯೊಳಗೆ ಚೆನ್ನ. ಬಯಲಿನಲ್ಲಿ ಬಿಸಿಲು ಬಿದ್ದರೆ ಅದಕ್ಕೆ ತಲೆ ಕೆಡುತ್ತದೆ, ಗಾಜಿನ ಲೋಟ ಕಾಣುವುದಿಲ್ಲ, ಕಪ್ಪು ಬಣ್ಣದ ಲೋಟವಂತೂ ಇಲ್ಲವೇ ಇಲ್ಲ. ಪೆಂಡಾಲಿಗೆ ಒಂದು ಬಟನ್ ಸಾಕು. ನಿಜವಾಗಿ, ಹತ್ತು ರೂಪಾಯಿಯ ಬಟನ್ನು.

ಮೋಟರಿಗೂ ಬೋರ್ಡಿಗೂ ನಡುವೆ

ಬೋರ್ಡಿನ ಪಿನ್ನಿಗೆ ಪಂಪನ್ನು ನೇರ ಜೋಡಿಸಬೇಡಿ. ಆರ್ಡುಯಿನೋ ಊನೋದ ಒಂದು ಪಿನ್ನು ಆರಾಮಾಗಿ ಕೊಡುವುದು 20 ಮಿಲಿಆಂಪ್, ಪಂಪು ಕೇಳುವುದು ಅದರ ಇಪ್ಪತ್ತು ಮೂವತ್ತು ಪಟ್ಟು. ನಡುವೆ ಬೋರ್ಡಿನ ಮಾತು ಕೇಳಿ ಪಂಪಿನ ಕರೆಂಟು ಹಾಕಿ ಆರಿಸುವ ಒಂದು ಸ್ವಿಚ್ಚು, ಅಂದರೆ ರಿಲೇ ಅಥವಾ ಮಾಸ್‌ಫೆಟ್ ಬೇಕು.

ಹೊಸಬರಿಗೆ ರಿಲೇ ಒಳ್ಳೆಯದು, ಟಕ್ ಅಂತ ಸದ್ದು ಕೇಳುವುದರಿಂದ ಏನಾಗುತ್ತಿದೆ ಅಂತ ಕಿವಿಗೇ ತಿಳಿಯುತ್ತದೆ. ತುಂಬಾ ರಿಲೇ ಬೋರ್ಡುಗಳು ಪಿನ್ನು ಲೋ (ಸೊನ್ನೆ ವೋಲ್ಟ್) ಆದಾಗ ಆನ್ ಆಗುತ್ತವೆ. ಹಾಗಾಗಿ ಕೋಡಿನಲ್ಲಿ ಮೊದಲು ಪಿನ್ನನ್ನು ಹೈ ಮಾಡಿ, ಆಮೇಲೆ ಔಟ್‌ಪುಟ್ ಅಂತ ಹೇಳಿ, ಇಲ್ಲದಿದ್ದರೆ ಪವರ್ ಕೊಟ್ಟಾಗಲೆಲ್ಲ ಒಂದು ಗುಟುಕು ಮೇಜಿನ ಮೇಲೆ. ಮಾಸ್‌ಫೆಟ್ ಸದ್ದಿಲ್ಲದ್ದು, ಅಗ್ಗ, ಸವೆಯುವುದಿಲ್ಲ. ಒಂದೇ ಎಚ್ಚರ: ಐಆರ್‌ಎಫ್‌ಝಡ್44ಎನ್ ಅಲ್ಲ, ಐಆರ್‌ಎಲ್‌ಝಡ್44ಎನ್ ಕೇಳಿ. ಒಂದು ಅಂಗಡಿಯಲ್ಲಿ "ಎರಡೂ ಒಂದೇ ಸಾರ್" ಅಂತ ಮೊದಲನೆಯದನ್ನು ಕೊಟ್ಟು ಕಳಿಸಿದ್ದರು. ಅದು ಪೂರ್ತಿ ತೆರೆಯುವುದಕ್ಕೆ 10 ವೋಲ್ಟ್ ಬೇಕು, ಇಎಸ್‌ಪಿ ಕೊಡುವುದು 3.3. ಪಂಪು ಮುಕ್ಕಿ ಮುಕ್ಕಿ ತಿರುಗಿತು, ಮಾಸ್‌ಫೆಟ್ ಮುಟ್ಟಿದರೆ ಬೆರಳು ಚುರ್ ಅಂದಿತು. ಅದರ ಗೇಟ್ ಅನ್ನುವ ಕಾಲಿನಿಂದ ಗ್ರೌಂಡಿಗೆ 10 ಕಿಲೋಓಮಿನ ರೆಸಿಸ್ಟರು, ಪಂಪಿನ ಎರಡು ತುದಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡು, ಇವೆರಡನ್ನು ಮರೆಯಬೇಡಿ. 12 ವೋಲ್ಟಿನ 2 ಆಂಪ್ ಅಡಾಪ್ಟರ್ ಒಂದು, ಅದರಿಂದ ಬೋರ್ಡಿಗೆ 5 ವೋಲ್ಟ್ ಇಳಿಸುವ ಬಕ್ ಕನ್ವರ್ಟರ್ ಒಂದು. ಅಡಾಪ್ಟರನ್ನು ಹಂಡೆಯ ಕೆಳಗೆ ಇಡುವವರನ್ನು ನೋಡಿದ್ದೇನೆ, ದಯವಿಟ್ಟು ದೂರ, ಎತ್ತರದಲ್ಲಿ ಕಟ್ಟಿ.

ಕೊನೆಗೆ ಬೋರ್ಡು

ಒಂದು ಪಂಪು, ಒಂದು ಬಟನ್, ಬೇಕಿದ್ದರೆ ತೂಕ: ಆರ್ಡುಯಿನೋ ನ್ಯಾನೋ ಕ್ಲೋನ್ (ಬೇರೆಯವರು ಮಾಡಿದ ನಕಲು). ಊನೋದಲ್ಲಿರುವ ಅದೇ ಎಟಿಮೆಗಾ328ಪಿ ಚಿಪ್ಪು, ಅರ್ಧ ಜಾಗ, ಮುನ್ನೂರು ರೂಪಾಯಿ ಆಸುಪಾಸು. 5 ವೋಲ್ಟಿನದು ಅಂತ ರಿಲೇ ಜೊತೆ ತಕರಾರಿಲ್ಲ. ಮಕ್ಕಳು ಕಲಿಯುವುದಕ್ಕೆ ಮಾಡುತ್ತಿದ್ದರೆ ಊನೋನೇ ಇರಲಿ, ವೈರು ಚುಚ್ಚುವುದು ಸುಲಭ, ಸಾಲ್ಡರ್ ಬೇಡ.

ಫೋನಿನಿಂದ "ಕೋಕಂ ಒಂದು ಕೊಡು" ಅನ್ನಬೇಕಾದರೆ ಇಎಸ್‌ಪಿ32. ವೈಫೈ, ಬ್ಲೂಟೂತ್ ಎರಡೂ ಇದೆ, ಮನೆಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೂ ತಾನೇ ಹಾಟ್‌ಸ್ಪಾಟ್ ಆಗುತ್ತದೆ. 34ರಿಂದ 39ರವರೆಗಿನ ಪಿನ್ನುಗಳಿಂದ ಪಂಪು ನಡೆಸಲಾಗದು, ಅವು ಓದುವುದಕ್ಕೆ ಮಾತ್ರ. 0, 2, 12, 15 ಬೋರ್ಡು ಏಳುವ ಹೊತ್ತಿನಲ್ಲಿ ಬೇರೆ ಕೆಲಸ ಮಾಡುತ್ತವೆ, ಬಿಟ್ಟುಬಿಡಿ. 25, 26, 27, 32, 33 ಹಾಕಿಕೊಂಡರೆ ನೆಮ್ಮದಿ. ಮನೆಯಲ್ಲಿ ಆಗಲೇ ಇಎಸ್‌ಪಿ8266 ಬಿದ್ದಿದ್ದರೆ ಅದೂ ನಡೆಯುತ್ತದೆ, ಡಿ1, ಡಿ2 ಬಳಸಿ, ಡಿ3, ಡಿ4 ಬೇಡ. ಪೈಥಾನ್ ಮಾತ್ರ ಬರುತ್ತದೆ ಅನ್ನುವವರಿಗೆ ರಾಸ್ಪ್‌ಬೆರಿ ಪೈ ಪಿಕೋ.

ಯಾವ ಬೋರ್ಡಾದರೂ ಕೋಡಿನಲ್ಲಿ ಒಂದು ಸಾಲು ಇರಲೇಬೇಕು: ಏನೇ ಆಗಲಿ, 15 ಸೆಕೆಂಡಾದರೆ ಪಂಪು ಬಂದ್. ನಿಧಾನದ ಪಂಪಾದರೆ ಆ ಸಂಖ್ಯೆ ಹಿಗ್ಗಿಸಿಕೊಳ್ಳಿ. ಅದರ ಮೇಲೆ ಕೈಗೆ ಸಿಗುವ ಹಾಗೆ ಒಂದು ಸ್ವಿಚ್ಚು.

ಯಾರಿಗೆ ಯಾವುದು

ಜಾತ್ರೆ, ರಾಮನವಮಿ, ಮದುವೆ ಮನೆ ಅಂದರೆ ಆರ್385, ರಿಲೇ, ನ್ಯಾನೋ, ಬಟನ್. ಸಾವಿರದೈನೂರರೊಳಗೆ ಮುಗಿಯುತ್ತದೆ, ತೂಕದ ಸೆನ್ಸರ್ ಸೇರಿಸಿದರೆ ಇನ್ನೊಂದು ಮುನ್ನೂರು. ಮಜ್ಜಿಗೆ ಹಂಚುವುದಾದರೆ ಸರ್ವೋ ಅದುಮುವ ಟ್ಯೂಬೇ ವಾಸಿ. ಪಂಪೇ ಬೇಕೆಂದರೆ ಒಗ್ಗರಣೆ ಇಲ್ಲದ್ದು, ಸೋಸಿದ್ದು, ಮುಗಿದ ಅರ್ಧ ಗಂಟೆಯೊಳಗೆ ಬಿಸಿನೀರು ಓಡಿಸಬೇಕು. ಮನೆಗೆ ಬಂದವರಿಗೆ ನಾಲ್ಕು ಬಗೆ ಶರಬತ್ತು ಬೆರೆಸುವುದಕ್ಕೆ ನಾಲ್ಕು ಪೆರಿಸ್ಟಾಲ್ಟಿಕ್, ಇಎಸ್‌ಪಿ32, ಐದು ಸಾವಿರಕ್ಕೆ ಹತ್ತಿರ. ನನ್ನದು ಮೂಲೆ ಸೇರಿದ್ದು ಯಂತ್ರದ ತಪ್ಪಿನಿಂದಲ್ಲ, ತಿಂಗಳಿಗೊಮ್ಮೆ ನೆಂಟರು ಬರುವ ಮನೆಗೆ ನಾಲ್ಕು ಟ್ಯೂಬು ತೊಳೆಯುವ ಕೆಲಸ ಯಾರಿಗೂ ಬೇಕಿರಲಿಲ್ಲ. ಸೋಡಾ ಮಾತ್ರ ಯಾವ ಪಂಪಿಗೂ ಹಾಕಬೇಡಿ, ಬರೀ ನೊರೆ ಬರುತ್ತದೆ, ಕೈಯಲ್ಲೇ ಸುರಿಯಿರಿ. ಡಿಕಾಕ್ಷನ್ನಿಗೆ ಒಂದು ಪೆರಿಸ್ಟಾಲ್ಟಿಕ್, ಒಂದು ನ್ಯಾನೋ, ಸಮಯದ ಲೆಕ್ಕ, ಅಷ್ಟೇ. ಅಮ್ಮ ಹಾಲಿಗೂ ಒಂದು ಮಾಡು ಅಂದಿದ್ದರು, ನಾನೇ ಬೇಡ ಅಂದೆ. ಟ್ಯೂಬಿನಲ್ಲಿ ಹಾಲು ಬೆಳಗಿನಿಂದ ಸಂಜೆವರೆಗೆ ನಿಂತರೆ ಏನಾಗುತ್ತದೆ ಅಂತ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು.

ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲು ಒಂದು ಪಂಪು, ಒಂದು ಮೀಟರ್ ಸಿಲಿಕೋನ್ ಟ್ಯೂಬು, ಒಂದು ಅಡಾಪ್ಟರ್ ತನ್ನಿ. ಬೋರ್ಡಿಲ್ಲದೆ ನೇರ ಪವರ್ ಕೊಟ್ಟು, ನೀರಲ್ಲ, ನೀವು ಕುಡಿಸಬೇಕೆಂದಿರುವ ಪಾನೀಯವನ್ನೇ ಒಂದು ಲೀಟರ್ ಓಡಿಸಿ. ಆಮೇಲೆ ಬಿಸಿನೀರು ಓಡಿಸಿ ತೊಳೆದು, ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಟ್ಯೂಬಿನ ಬಾಯಿಯನ್ನು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಬೇರೆ ಪಂಪು ನೋಡಿ, ಬರದಿದ್ದರೆ ಬೋರ್ಡು ತರುವುದಕ್ಕೆ ಹೊರಡಿ.